ಪೋಕರ್ ಆ್ಯಪಿನಲ್ಲಿ ನನ್ನ ಎಲೆ ಯಾರಿಗೆ ಕಾಣುತ್ತದೆ?

ಪ್ರಶ್ನೆ: ಸರ್, ನಾ ಕಲಬುರಗಿ ಸೇಡಂ ರೋಡಿನ ಒಂದು ಪಿಜಿಯಾಗ ಇದ್ದು ಇಂಜಿನಿಯರಿಂಗ್ ಓದ್ಲಕತ್ತೀನಿ. ಮೊದಲು ಆಡ್ತಿದ್ದ ಪೋಕರ್ ಆ್ಯಪ್ ಹೊಸ ಕಾಯ್ದೆ ಬಂದ ಮ್ಯಾಲ ರೊಕ್ಕದ ಆಟ ಬಂದ್ ಮಾಡ್ತು. ಬೀದರದ ದೋಸ್ತ ಒಬ್ಬ ಟೆಲಿಗ್ರಾಂದಾಗ ಒಂದು ಪೋಕರ್ ಕ್ಲಬ್ಬಿನ ಎಪಿಕೆ ಫೈಲ್ (ಪ್ಲೇ ಸ್ಟೋರ್ ಇಲ್ಲದ ಹಾಕ್ಕೊಳ್ಳೋ ಆ್ಯಪ್) ಕಳಿಸಿದ. ಏಜೆಂಟಗ ಯುಪಿಐ ಮಾಡಿದ್ರ ಚಿಪ್ಸ್ ಹಾಕ್ತಾನ. ಎರಡು ತಿಂಗಳಾಗ ₹18,000 ಹೋಗ್ಯಾದ. ನನಗ ಒಳ್ಳೆ ಎಲಿ ಬಂದಾಗ ಎಲ್ಲಾರೂ ಎಲಿ ಬಿಟ್ಟು ಫೋಲ್ಡ್ ಮಾಡ್ತಾರ, ಕೆಟ್ಟ ಎಲಿ ಹಿಡಿದು ಬ್ಲಫ್ ಮಾಡಿದಾಗ ಒಬ್ಬನರೆ ನನ್ನಷ್ಟೇ ರೊಕ್ಕ ಹಾಕಿ ಕಾಲ್ ಮಾಡೇ ಮಾಡ್ತಾನ. ಪಿಜಿಯಾಗ ಹನ್ನೆರಡು ಮಂದಿಗೆ ಒಂದೇ ವೈ-ಫೈ. ಯಾರರೆ ನಡುವೆ ಕುಂತು ನನ್ನ ಎಲಿ ನೋಡ್ಲಕತ್ತಾರೇನ್ರಿ? ವಿಪಿಎನ್ ಹಾಕಿದ್ರ ಸಾಕೇನು? ಬ್ಯಾಂಕ್ ಖಾತಿಗೇನರೆ ಧೋಕಾ ಅದ ಏನು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ವೈ-ಫೈ ನಡುವೆ ಕುಳಿತು ಎಲೆ ನೋಡುವುದು ಆಗದ ಮಾತಲ್ಲ, ಹಿಂದೆ ದೊಡ್ಡ ಕಂಪನಿಗಳ ಆ್ಯಪಿನಲ್ಲೇ ಅಂಥ ತೂತು ಸಿಕ್ಕಿದ್ದುಂಟು. ಆದರೂ ನಿಮ್ಮ ಮಟ್ಟಿಗೆ ಪಿಜಿಯ ಹುಡುಗರಿಗಿಂತ ಮೊದಲು ಅನುಮಾನಿಸಬೇಕಾದ್ದು ಆ ಕ್ಲಬ್ ನಡೆಸುವವರನ್ನು, ಆಮೇಲೆ ಅವರು ಕೊಟ್ಟ ಎಪಿಕೆಯನ್ನು. ಇಂಟರ್ನೆಟ್ ಮಾತುಕತೆಯನ್ನು ಬೇರೊಂದು ಕಂಪನಿಯ ಸರ್ವರಿನ ಮೂಲಕ ಮುಚ್ಚಿ ಕಳಿಸುವ ವಿಪಿಎನ್ ಈ ಎರಡಕ್ಕೂ ಮದ್ದಲ್ಲ. ಬ್ಯಾಂಕ್ ಖಾತೆಗೆ ಅಪಾಯ ಖಂಡಿತ ಇದೆ, ಅದು ಎಲೆ ಸೋರುವುದಕ್ಕಿಂತ ದೊಡ್ಡದು. ಅದರ ಬಗ್ಗೆ ಕೊನೆಯ ಭಾಗದಲ್ಲಿ ಬರೆದಿದ್ದೇನೆ. ಅಷ್ಟು ತಾಳ್ಮೆ ಇಲ್ಲದಿದ್ದರೆ ಮೊದಲು ಅದನ್ನೇ ಓದಿ, ಕೆಲಸ ಮುಗಿಸಿ, ಆಮೇಲೆ ಉಳಿದದ್ದಕ್ಕೆ ಬನ್ನಿ.

ಪೋಕರಿನಲ್ಲಿ ನಿಮಗಷ್ಟೇ ಕಾಣಬೇಕಾದ ನಿಮ್ಮ ಎರಡು ಎಲೆಗಳು ಮುಚ್ಚುಮರೆ ಇಲ್ಲದೆ ಇರುವ ಜಾಗಗಳು ಎರಡೇ. ಒಂದು, ಎಲೆ ಕಲೆಸಿ ಹಂಚುವ ಸರ್ವರ್. ಇನ್ನೊಂದು, ಅದನ್ನು ಚಿತ್ರವಾಗಿ ತೋರಿಸುವ ನಿಮ್ಮ ಫೋನ್. ಇವೆರಡರ ನಡುವಿನ ದಾರಿಯಲ್ಲಿ, ಅಂದರೆ ಪಿಜಿಯ ರೂಟರ್, ಇಂಟರ್ನೆಟ್ ಕಂಪನಿಯ ಕೇಬಲ್, ದೂರದ ಡೇಟಾ ಸೆಂಟರ್, ಇಲ್ಲೆಲ್ಲ ಅದು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಸಾಗಬೇಕು. ಆ ಬೀಗದ ಹೆಸರು ಟಿಎಲ್‌ಎಸ್. ಬ್ಯಾಂಕಿನ ವೆಬ್‌ಸೈಟಿಗೂ ಅದೇ ಬೀಗ. ಸರಿಯಾಗಿ ಹಾಕಿದ್ದರೆ ಪಿಜಿಯ ಹನ್ನೆರಡು ಮಂದಿಯಲ್ಲ, ಇಂಟರ್ನೆಟ್ ಕಂಪನಿಯವರಿಗೂ ಅದು ಬಿಚ್ಚಲು ಬರುವುದಿಲ್ಲ. ನೀವು ಯಾವ ಸರ್ವರಿಗೆ ಹೋಗಿದ್ದೀರಿ, ಎಷ್ಟು ಹೊತ್ತು ಇದ್ದಿರಿ, ಎಷ್ಟು ಡೇಟಾ ಓಡಾಡಿತು ಎಂಬುದಷ್ಟೇ ಕಾಣುತ್ತದೆ.

ಬೀಗ ಸರಿಯಾಗಿ ಹಾಕದ ಉದಾಹರಣೆಗೆ 2010ರ ಮೇ ತಿಂಗಳಿಗೆ ಹೋಗಬೇಕು. ಅಬ್ಸಲ್ಯೂಟ್ ಪೋಕರ್ ಮತ್ತು ಯುಬಿ ಎಂಬ ಎರಡು ಸೈಟ್‌ಗಳು ಸೀರಿಯಸ್ ಎಂಬ ಒಂದೇ ಜಾಲದಲ್ಲಿ ಓಡುತ್ತಿದ್ದವು. ಆ ಜಾಲ ಟಿಎಲ್‌ಎಸ್‌ನ ಹಿಂದಿನ ರೂಪವಾದ ಎಸ್‌ಎಸ್‌ಎಲ್ ಬಳಸದೆ, ಎಕ್ಸ್‌ಓರ್ ಎಂಬ ಸರಳ ಲೆಕ್ಕದಿಂದ ಎಲೆಗಳನ್ನು ಮುಚ್ಚುತ್ತಿತ್ತು. ಪೋಕರ್‌ಟೇಬಲ್‌ರೇಟಿಂಗ್ಸ್ ಎಂಬ ಅಂಕಿಅಂಶದ ತಾಣದವರು ಇದನ್ನು ಬಯಲಿಗೆ ತಂದರು. ಒಂದೇ ವೈ-ಫೈಯಲ್ಲಿ ಇರುವವನು ಪಕ್ಕದವನ ಎಲೆ ಓದಬಹುದು ಎಂದು ತೋರಿಸಿದರು. ನೀವು ಕೇಳಿದ ಪ್ರಶ್ನೆಗೆ ತದ್ವತ್ ಉತ್ತರ ಆ ಪ್ರಕರಣ.

ಎಕ್ಸ್‌ಓರ್ ಯಾಕೆ ಬೀಗವಲ್ಲ ಎಂಬುದನ್ನು ಕಾಗದದ ಮೇಲೆ ಮಾಡಿ ನೋಡಬಹುದು. ಕಟ್ಟಿನ 52 ಎಲೆಗೆ 0ಯಿಂದ 51ರವರೆಗೆ ನಂಬರು ಕೊಡಿ: ಮೊದಲ ಹದಿಮೂರು ಇಸ್ಪೀಟ್, ಆಮೇಲೆ ಕಿಲಾವರ್, ಬದಾಮ್, ಚೌಕಟ್, ಪ್ರತಿಯೊಂದರಲ್ಲೂ ಎಕ್ಕಾದಿಂದ ರಾಜನವರೆಗೆ. ಬದಾಮ್ ರಾಣಿಯ ನಂಬರು 37 ಆಗುತ್ತದೆ. ಕಂಪ್ಯೂಟರಿನ ಸೊನ್ನೆ-ಒಂದರ ಭಾಷೆಯಲ್ಲಿ ಅದು 0100101. ಆ್ಯಪಿನ ಗುಟ್ಟಿನ ಕೀಲಿ 90 ಅನ್ನಿ, ಅಂದರೆ 1011010. ಎಕ್ಸ್‌ಓರ್ ಲೆಕ್ಕ ಇಷ್ಟೇ: ಮೇಲೆ ಕೆಳಗೆ ಒಂದೇ ಅಂಕಿ ಇದ್ದರೆ 0, ಬೇರೆ ಬೇರೆ ಇದ್ದರೆ 1. ಉತ್ತರ 1111111, ಅಂದರೆ 127. ಗಾಳಿಯಲ್ಲಿ ಹೋಗುವುದು ಈ 127. ಈಗ ಮೇಜಿನಲ್ಲಿ ಕುಳಿತ ಕಳ್ಳನಿಗೆ ತನ್ನ ಕೈಯಲ್ಲಿರುವುದು ಬದಾಮ್ ರಾಣಿ ಎಂದು ಗೊತ್ತೇ ಇದೆ. ತನ್ನ ಫೋನಿಗೆ ಬಂದ 127ಕ್ಕೂ 37ಕ್ಕೂ ಮತ್ತೆ ಅದೇ ಲೆಕ್ಕ ಹಾಕಿದರೆ 90 ಎಂಬ ಕೀಲಿ ಕೈಗೆ ಬರುತ್ತದೆ. ಅದೇ ಕೀಲಿ ನಿಮಗೂ ಬಳಕೆಯಾಗಿದ್ದು, ನಿಮ್ಮ ಫೋನಿನತ್ತ 94 ಹೋಗುವುದು ಅವನಿಗೆ ಕಂಡರೆ, 94ಕ್ಕೂ 90ಕ್ಕೂ ಲೆಕ್ಕ ಹಾಕುತ್ತಾನೆ: 4, ಇಸ್ಪೀಟ್ ಐದು. ಒಂದೇ ಕೀಲಿಯನ್ನು ಮತ್ತೆ ಮತ್ತೆ ಬಳಸಿದರೆ ಎಷ್ಟು ಉದ್ದದ ಕೀಲಿಯಾದರೂ ಗತಿ ಇದೇ. ಅಗ್ಗದಲ್ಲಿ ಮಾಡಿಸಿದ ಆ್ಯಪುಗಳಲ್ಲಿ ಇಂಥ ತಾವೇ ಹೊಸೆದ "ಎನ್‌ಕ್ರಿಪ್ಷನ್" ಇರುವ ಸಾಧ್ಯತೆ ಇವತ್ತಿಗೂ ಇದೆ, ಯಾಕೆಂದರೆ ಅದನ್ನು ತಪಾಸಣೆ ಮಾಡುವವರೇ ಅಲ್ಲಿ ಇರುವುದಿಲ್ಲ.

ಇನ್ನು ಪಿಜಿಯ ವೈ-ಫೈ. ಗೋಡೆಯ ಮೇಲೆ ಪಾಸ್‌ವರ್ಡ್ ಬರೆದಿಟ್ಟ ಡಬ್ಲ್ಯುಪಿಎ2 (ವೈ-ಫೈ ಬೀಗದ ಒಂದು ಬಗೆ) ಜಾಲದಲ್ಲಿ, ಆ ಪಾಸ್‌ವರ್ಡ್ ಗೊತ್ತಿರುವವನು ನಿಮ್ಮ ಫೋನ್ ರೂಟರಿಗೆ ಸೇರುವ ಗಳಿಗೆಯ ಮಾತುಕತೆಯನ್ನು ಹಿಡಿದಿಟ್ಟುಕೊಂಡರೆ ವೈ-ಫೈ ಮಟ್ಟದ ಬೀಗ ಅವನಿಗೆ ತೆರೆದಂತೆಯೇ. ಅದರ ಹೊಸ ರೂಪವಾದ ಡಬ್ಲ್ಯುಪಿಎ3ಯಲ್ಲಿ ಈ ದಾರಿ ಮುಚ್ಚಿದೆ. ಎರಡನೆಯ ದಾರಿ, ತನ್ನ ಲ್ಯಾಪ್‌ಟಾಪನ್ನೇ ರೂಟರ್ ಎಂದು ನಿಮ್ಮ ಫೋನಿಗೆ ನಂಬಿಸುವುದು. ಅಂಚೆಯವನಿಗೆ "ಆ ಮನೆ ಇದೇ" ಎಂದು ಸುಳ್ಳು ಹೇಳಿ ಪತ್ರ ಇಸಿದುಕೊಂಡ ಹಾಗೆ. ಇದನ್ನು ಪತ್ತೆ ಮಾಡುವುದು ಸುಲಭ. ವಿಂಡೋಸ್ ಲ್ಯಾಪ್‌ಟಾಪಿನ ಕಮಾಂಡ್ ಪ್ರಾಂಪ್ಟಿನಲ್ಲಿ ಎಆರ್‌ಪಿ ಎಂದು ಇಂಗ್ಲಿಷಿನ ಮೂರಕ್ಷರ, ಒಂದು ಖಾಲಿ ಜಾಗ, ಹೈಫನ್, ಎ ಟೈಪ್ ಮಾಡಿ. ಬರುವ ಪಟ್ಟಿಯಲ್ಲಿ ರೂಟರಿನ ವಿಳಾಸ, ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಅದರ ಎದುರು ಇರುವ ಭೌತಿಕ ವಿಳಾಸವೇ (ಸಾಧನದ ಗುರುತಿನ ಸಂಖ್ಯೆ) ಇನ್ನೊಂದು ಸಾಧನದ ಎದುರೂ ಕಂಡರೆ ನಡುವೆ ಯಾರೋ ಕುಳಿತಿರುವ ಶಂಕೆ ಗಟ್ಟಿ. ರೂಟರಿನ ಅಡ್ಮಿನ್ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದದ್ದೇ ಉಳಿದಿದ್ದರೆ ಇಷ್ಟೆಲ್ಲ ಕಷ್ಟವೂ ಬೇಡ. ಯಾವನಾದರೂ ಒಳಹೊಕ್ಕು, ಹೆಸರಿನಿಂದ ಸರ್ವರ್ ಹುಡುಕಿಕೊಡುವ ಡಿಎನ್‌ಎಸ್ ವಿಳಾಸ ಬದಲಿಸಿ ಎಲ್ಲರನ್ನೂ ತನ್ನ ಕಡೆ ತಿರುಗಿಸಿಕೊಳ್ಳಬಹುದು. ಪಿಜಿ ಮಾಲೀಕರಿಗೆ ಹೇಳಿ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಫರ್ಮ್‌ವೇರ್ ಅಪ್‌ಡೇಟ್ ಮಾಡಿಸಿ, ರೂಟರಿನಲ್ಲಿ ಎಪಿ ಐಸೋಲೇಷನ್ ಎಂಬ ಆಯ್ಕೆ ಇದ್ದರೆ ಹಚ್ಚಿಸಿ. ಅದು ಒಂದು ಫೋನ್ ಇನ್ನೊಂದಕ್ಕೆ ಕಾಣದಂತೆ ಮಾಡುತ್ತದೆ. ಇದು ಪೋಕರಿಗಾಗಿ ಅಲ್ಲ, ಹನ್ನೆರಡು ಮಂದಿಯ ಫೋನ್‌ಪೇ, ಜಿಮೇಲ್ ಎಲ್ಲಕ್ಕೂ ಬೇಕಾದ ಕೆಲಸ.

ವಿಪಿಎನ್ ಈ ಒಂದು ತುಂಡು ದಾರಿಯನ್ನು, ಅಂದರೆ ಫೋನಿನಿಂದ ವಿಪಿಎನ್ ಕಂಪನಿಯ ಸರ್ವರಿನವರೆಗಿನ ದಾರಿಯನ್ನು ಮಾತ್ರ ಮುಚ್ಚುತ್ತದೆ. ಅಲ್ಲಿಂದ ಮುಂದೆ ಆ್ಯಪಿನ ಸ್ವಂತ ಬೀಗ ಸರಿ ಇಲ್ಲದಿದ್ದರೆ ವಿಪಿಎನ್ ಕಂಪನಿಯೇ ಎಲ್ಲ ಓದಬಹುದು. ಪುಕ್ಕಟೆ ವಿಪಿಎನ್ ಎಪಿಕೆ ಹಾಕಿಕೊಂಡವರು ಪಿಜಿಯ ಹುಡುಗನಿಂದ ತಪ್ಪಿಸಿಕೊಂಡು ಹೆಸರೇ ಗೊತ್ತಿಲ್ಲದವನ ಕೈಗೆ ಎಲ್ಲ ಒಪ್ಪಿಸಿದಂತೆ. ವೈ-ಫೈ ಬಗ್ಗೆ ಅನುಮಾನ ಇದ್ದರೆ ಸ್ವಂತ ಸಿಮ್ಮಿನ ಡೇಟಾ ಬಳಸಿ, ಅಷ್ಟು ಸಾಕು. ಡೇಟಾಕ್ಕೆ ಹೋದ ಮೇಲೂ ಮೇಜಿನಲ್ಲಿ ಅದೇ ಕಥೆ ನಡೆದರೆ ಪಿಜಿಯ ಹುಡುಗರು ನಿರಪರಾಧಿಗಳು.

ಆ್ಯಪಿನ ಬೀಗ ನೋಡುವ ದಾರಿಯೂ ಇದೆ. ಪ್ಲೇ ಸ್ಟೋರಿನಲ್ಲಿ ಪಿಕ್ಯಾಪ್‌ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶ ಸಿಗುತ್ತದೆ, ರೂಟ್ ಮಾಡದ ಫೋನಿನಲ್ಲೂ ಓಡುತ್ತದೆ. ಅದನ್ನು ಹಳೆಯ, ಬ್ಯಾಂಕ್ ಆ್ಯಪ್ ಇಲ್ಲದ ಫೋನಿನಲ್ಲಿ ಹಾಕಿ. ಬೇರೆ ವಿಪಿಎನ್ ಆಫ್ ಇರಬೇಕು, ಯಾಕೆಂದರೆ ಇದು ಫೋನಿನ ವಿಪಿಎನ್ ಜಾಗವನ್ನೇ ಬಳಸುತ್ತದೆ. ಗುರಿ ಆ್ಯಪ್ ಎಂದು ಪೋಕರ್ ಆ್ಯಪ್ ಆರಿಸಿ, ಪೇಲೋಡ್ (ಒಳಗೆ ಸಾಗುವ ಮಾಹಿತಿ) ಪೂರ್ತಿ ತೋರಿಸುವ ಆಯ್ಕೆ ಹಚ್ಚಿ, ಶುರು ಮಾಡಿ. ರೊಕ್ಕ ಹಾಕುವುದು ಬೇಡ, ಪುಕ್ಕಟೆ ಮೇಜಿನಲ್ಲಿ ಹತ್ತು ನಿಮಿಷ ಸಾಕು. ಆಮೇಲೆ ಸಂಪರ್ಕಗಳ ಪಟ್ಟಿ ನೋಡಿ. ಟಿಎಲ್‌ಎಸ್ ಎಂದು ಬರೆದಿದ್ದರೆ ಮೊದಲ ಹೆಜ್ಜೆ ಪಾಸು. ಬರೀ ಎಚ್‌ಟಿಟಿಪಿ ಅಥವಾ ಟಿಸಿಪಿ ಎಂದಿದ್ದರೆ ಒಳಗೆ ತೆರೆದು ಹೆಕ್ಸ್ ಅಂಕಿಗಳನ್ನು ನೋಡಿ. ಟಿಎಲ್‌ಎಸ್ ಸಂಪರ್ಕದಲ್ಲಿ ಫೋನ್ ಕಳಿಸುವ ಮೊದಲ ಸಂದೇಶ 16 03 01 ಎಂದು ಶುರುವಾಗುತ್ತದೆ, ಆಮೇಲಿನ ಮಾಹಿತಿ 17 03 03 ಎಂದು. ಅದಿಲ್ಲದೆ ನಿಮ್ಮ ಆಟದ ಹೆಸರು, ಚಿಪ್ಸ್ ಲೆಕ್ಕ ಓದುವಂತೆ ಕಾಣುತ್ತಿದ್ದರೆ ಆ ಆ್ಯಪನ್ನು ಅಲ್ಲಿಗೇ ಬಿಡಿ.

ಟಿಎಲ್‌ಎಸ್ ಇದ್ದೂ ಕೆಡುವ ಒಂದು ಸಂದರ್ಭ ಉಂಟು. ಎದುರಿಗಿರುವವನು ನಿಜವಾದ ಸರ್ವರೇ ಎಂದು ಸರ್ಟಿಫಿಕೇಟ್ ನೋಡಿ ಖಾತ್ರಿ ಮಾಡಿಕೊಳ್ಳುವುದು ಆ್ಯಪಿನ ಕೆಲಸ. ಅವಸರದ ಪ್ರೋಗ್ರಾಮರುಗಳು ಪರೀಕ್ಷೆಯ ಹೊತ್ತಿನಲ್ಲಿ ಅದನ್ನು ಆಫ್ ಮಾಡಿ, ಹಾಗೇ ಮಾರುಕಟ್ಟೆಗೆ ಬಿಡುತ್ತಾರೆ. ಆಗ ಯಾರ ಸರ್ಟಿಫಿಕೇಟ್ ಬಂದರೂ ಆ್ಯಪ್ ಹೂಂ ಅನ್ನುತ್ತದೆ. ನೀವು ಇಂಜಿನಿಯರಿಂಗ್ ಹುಡುಗ, ಲ್ಯಾಪ್‌ಟಾಪಿನಲ್ಲಿ ಮಿಟ್ಮ್‌ಪ್ರಾಕ್ಸಿ ಎಂಬ, ಸಂಪರ್ಕದ ನಡುವೆ ಕುಳಿತು ನೋಡುವ ತಂತ್ರಾಂಶ ಹಾಕಿ ಇದನ್ನು ನೋಡಬಹುದು. ಹಳೆಯ ಫೋನಿನ ವೈ-ಫೈ ಸೆಟ್ಟಿಂಗಿನಲ್ಲಿ ಪ್ರಾಕ್ಸಿಯಾಗಿ ಲ್ಯಾಪ್‌ಟಾಪಿನ ವಿಳಾಸ, ಪೋರ್ಟ್ 8080 ಕೊಡಿ. ಮುಖ್ಯವಾದ ಮಾತು, ಅದರ ಸರ್ಟಿಫಿಕೇಟನ್ನು ಫೋನಿಗೆ ಹಾಕಬೇಡಿ. ಆದರೂ ಆ್ಯಪ್ ತಕರಾರಿಲ್ಲದೆ ಓಡಿ, ಒಳಗಿನ ಮಾತೆಲ್ಲ ಲ್ಯಾಪ್‌ಟಾಪಿನಲ್ಲಿ ಕಂಡರೆ ಅದು ಯಾರನ್ನೂ ಪರೀಕ್ಷಿಸುತ್ತಿಲ್ಲ. ಪ್ರಾಕ್ಸಿಯಲ್ಲಿ ಏನೂ ಬರಲಿಲ್ಲ, ಆಟ ಮಾತ್ರ ಓಡಿತು ಎಂದರೆ ಸುರಕ್ಷಿತ ಎಂದು ತಿಳಿಯಬೇಡಿ. ಆಟದ ಆ್ಯಪುಗಳು ಪ್ರಾಕ್ಸಿ ಸೆಟ್ಟಿಂಗನ್ನು ಗಣಿಸದೆ ನೇರ ಸಂಪರ್ಕ ಮಾಡುವುದು ಸಾಮಾನ್ಯ. ಇವೆಲ್ಲ ನಿಮ್ಮ ಫೋನ್, ನಿಮ್ಮ ಜಾಲದಲ್ಲಿ ಮಾತ್ರ. ಪಕ್ಕದ ಕೋಣೆಯವನ ಡೇಟಾ ಹಿಡಿಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ನಿನ ಅಪರಾಧ, ಮೂರು ವರ್ಷದವರೆಗೆ ಜೈಲು ಅಥವಾ ₹5 ಲಕ್ಷದವರೆಗೆ ದಂಡ ಅಥವಾ ಎರಡೂ.

ಈಗ ನನಗೆ ಹೆಚ್ಚು ಚಿಂತೆ ಇರುವ ಸರ್ವರಿನ ಕಡೆಗೆ ಬರೋಣ. ಅಲ್ಲಿ ಎಲ್ಲರ ಎಲೆಯೂ ತೆರೆದೇ ಇರುತ್ತದೆ. ಅಲ್ಲಿ ಕೂತವನಿಗೆ ಯಾವ ಬೀಗ ಒಡೆಯುವ ಅಗತ್ಯವೂ ಇಲ್ಲ. 2007ರಲ್ಲಿ ಅಬ್ಸಲ್ಯೂಟ್ ಪೋಕರಿನಲ್ಲಿ ಪಾಟ್‌ರಿಪ್ಪರ್ ಎಂಬ ಹೆಸರಿನ ಖಾತೆ 1,000 ಡಾಲರ್ ಪ್ರವೇಶದ ಟೂರ್ನಮೆಂಟ್ ಗೆದ್ದಿತು. ಕೊನೆಯ ಕೈಯಲ್ಲಿ ಅವನ ಬಳಿ ಇದ್ದ ದೊಡ್ಡ ಎಲೆ ಬರೀ ಹತ್ತು, ಜೋಡಿಯೂ ಇಲ್ಲ. ಎದುರಾಳಿ ಇದ್ದಬದ್ದದ್ದನ್ನೆಲ್ಲ ಒತ್ತಿ ಬ್ಲಫ್ ಮಾಡಿದಾಗ ಅಂಥ ಎಲೆ ಹಿಡಿದು ಕಾಲ್ ಮಾಡಿದ. ಸೋತವರು ಆಟದ ದಾಖಲೆ ಕೇಳಿದಾಗ ಕಂಪನಿಯಿಂದ ಎಲ್ಲರ ಎಲೆಗಳೂ ಐಪಿ ವಿಳಾಸಗಳೂ ಇದ್ದ ದೊಡ್ಡ ಕಡತವೇ ಬಂತು. ಅದನ್ನು ಕೂತು ಜಾಲಾಡಿದ ಆಟಗಾರರು, ಆಡದೆ ಬರೀ ನೋಡುತ್ತಿದ್ದ 363 ಎಂಬ ಸಂಖ್ಯೆಯ ಖಾತೆ ಆ ಮೇಜಿಗೆ ಅಂಟಿಕೊಂಡಿದ್ದನ್ನು ಕಂಡುಹಿಡಿದರು. ಎಲ್ಲರ ಎಲೆ ಕಾಣುವ ಒಳಗಿನವರ ಖಾತೆ ಅದು. ಜೋಡಿ ಸೈಟಾದ ಅಲ್ಟಿಮೇಟ್‌ಬೆಟ್‌ನಲ್ಲೂ ಅದೇ ರೋಗ ಇತ್ತು. ಆ ಸೈಟುಗಳಿಗೆ ಲೈಸೆನ್ಸ್ ಕೊಟ್ಟಿದ್ದ ಕೆನಡಾದ ಕಾನಾವಾಕೆ ಗೇಮಿಂಗ್ ಕಮಿಷನ್ ತನಿಖೆ ಮಾಡಿ ದಂಡ ಹಾಕಿತು, ಆಟಗಾರರಿಗೆ ಹಣ ವಾಪಸು ಕೊಡಿಸಿತು. ಲೈಸೆನ್ಸ್ ಇದ್ದ, ಮೇಲೆ ಒಂದು ಕಮಿಷನ್ ಇದ್ದ ಸೈಟಿನ ಕಥೆ ಇದು. ನಿಮ್ಮ ಟೆಲಿಗ್ರಾಂ ಕ್ಲಬ್ಬಿನ ಮೇಲೆ ಯಾರಿದ್ದಾರೆ?

ನಿಮ್ಮ ಅನುಮಾನವನ್ನು ಅಳೆಯುವ ಒಂದು ಕ್ರಮ ಇದೆ. ಪುಸ್ತಕದಲ್ಲಿ ಗೆರೆ ಎಳೆದು, ಎದುರಾಳಿ ಕೊನೆಯ ಎಲೆಯ ನಂತರ ದೊಡ್ಡ ಬಾಜಿಗೆ ಕಾಲ್ ಮಾಡಿದ ಪ್ರತಿ ಸಲ ಗೆದ್ದನೋ ಸೋತನೋ ಬರೆಯಿರಿ. ಮಡಕೆಯಲ್ಲಿ, ಅಂದರೆ ಎಲ್ಲರೂ ಹಾಕಿದ ಬಾಜಿಯ ರಾಶಿಯಲ್ಲಿ, 100 ಇದ್ದು ನೀವು 100 ಒತ್ತಿದರೆ, ಅವನು 100 ಹಾಕಿ 200 ಗೆಲ್ಲುವ ಲೆಕ್ಕ. ಮೂರರಲ್ಲಿ ಒಂದು ಸಲ ಸರಿಯಾದರೂ ಅವನಿಗೆ ನಷ್ಟವಿಲ್ಲ. ಅಂದರೆ ಪ್ರಾಮಾಣಿಕವಾಗಿ, ಚೆನ್ನಾಗಿ ಆಡುವವನು ಇಂಥ ಕಾಲ್‌ಗಳಲ್ಲಿ ಎಷ್ಟೋ ಸಲ ಸೋಲಲೇಬೇಕು. ಐವತ್ತು ಅರವತ್ತು ಕಾಲ್ ಆದರೂ ಹೆಚ್ಚುಕಡಿಮೆ ಸೋಲದವನು ನಿಮ್ಮ ಎಲೆ ನೋಡುತ್ತಿದ್ದಾನೆ. ಹತ್ತು ಕೈ ನೋಡಿ ತೀರ್ಮಾನ ಮಾಡಬೇಡಿ. ಎಕ್ಕಾ ಜೋಡಿ ರಾಜನ ಜೋಡಿಗೆ ಎದುರಾದಾಗಲೂ ಸುಮಾರು ಐದರಲ್ಲಿ ಒಂದು ಸಲ ಸೋಲುತ್ತದೆ, ಅದು ಮೋಸವಲ್ಲ. ಇನ್ನೊಂದು ಮಾತು ಬೇಸರವಾಗದಂತೆ ಕೇಳಿ. ಒಳ್ಳೆ ಎಲೆಗೆ ದೊಡ್ಡ ಬಾಜಿ, ಬ್ಲಫಿಗೆ ಬೇರೆ ಅಳತೆಯ ಬಾಜಿ ಹಾಕುವ ರೂಢಿ ನಿಮಗಿದ್ದರೆ ಎಲೆ ನೋಡದೆಯೂ ನಿಮ್ಮನ್ನು ಓದಬಹುದು. ಅದನ್ನೂ ಅದೇ ಪುಸ್ತಕದಲ್ಲಿ ಬರೆದು ನೋಡಿ.

ಎಲೆ ಕಲೆಸುವ ಲೆಕ್ಕದಲ್ಲೂ ಸರ್ವರ್ ಎಡವಬಹುದು. 52 ಎಲೆಗಳನ್ನು ಜೋಡಿಸುವ ಬಗೆಗಳು 8ರ ಮುಂದೆ 67 ಸೊನ್ನೆ ಇಟ್ಟಷ್ಟು. 1999ರಲ್ಲಿ ಎಎಸ್‌ಎಫ್ ಸಾಫ್ಟ್‌ವೇರ್ ಕಂಪನಿ ತನ್ನ ಕಲೆಸುವ ವಿಧಾನ ಎಷ್ಟು ನ್ಯಾಯದ್ದು ಎಂದು ತೋರಿಸಲು ಅದನ್ನು ಪ್ರಕಟಿಸಿತು. ಪ್ಲಾನೆಟ್ ಪೋಕರ್ ಅದೇ ತಂತ್ರಾಂಶ ಬಳಸುತ್ತಿತ್ತು. ರಿಲಯಬಲ್ ಸಾಫ್ಟ್‌ವೇರ್ ಟೆಕ್ನಾಲಜೀಸಿನ ತಂಡ ಓದಿ ನೋಡಿದಾಗ ಕಂಡದ್ದು: ಕಲೆಸುವುದಕ್ಕೆ ಬೀಜವಾಗಿ (ಲೆಕ್ಕ ಶುರುವಾಗುವ ಅಂಕಿಯಾಗಿ) ಬಳಸುತ್ತಿದ್ದುದು ಮಧ್ಯರಾತ್ರಿಯಿಂದ ಕಳೆದ ಮಿಲಿಸೆಕೆಂಡುಗಳ ಸಂಖ್ಯೆ. ದಿನಕ್ಕೆ ಅಂಥವು 8 ಕೋಟಿ 64 ಲಕ್ಷ ಮಾತ್ರ. ಸರ್ವರಿನ ಗಡಿಯಾರಕ್ಕೆ ತಮ್ಮ ಗಡಿಯಾರ ಹೊಂದಿಸಿಕೊಂಡಾಗ ಅದು ಸುಮಾರು 2 ಲಕ್ಷಕ್ಕೆ ಇಳಿಯಿತು. ತಮ್ಮ ಎರಡು ಎಲೆ, ಮೇಜಿನ ಮೂರು ಎಲೆ, ಈ ಐದನ್ನು ಹೊಂದಿಸಿ ನೋಡಿದರೆ ಉಳಿಯುವುದು ಒಂದೇ ಜೋಡಣೆ. ಆಮೇಲೆ ಎಲ್ಲರ ಕೈಯೂ, ಬರುವ ಎಲೆಯೂ ಗೊತ್ತು.

ಅದೇ ಪ್ರೋಗ್ರಾಮಿನಲ್ಲಿ ಇನ್ನೊಂದು ತಪ್ಪೂ ಇತ್ತು, ಅದು ಇಂದಿಗೂ ಹೊಸ ಪ್ರೋಗ್ರಾಮರುಗಳು ಮಾಡುವಂಥದ್ದು: ಪ್ರತಿ ಎಲೆಯನ್ನೂ ಇಡೀ ಕಟ್ಟಿನ ಯಾವುದೋ ಒಂದರ ಜೊತೆ ಅದಲುಬದಲು ಮಾಡುವುದು. ಎಕ್ಕಾ, ರಾಜ, ರಾಣಿ ಮೂರೇ ಎಲೆ ಇಟ್ಟು ಲೆಕ್ಕ ಹಾಕಿ. ಹಾಗೆ ಅದಲುಬದಲಾಗುವ ದಾರಿಗಳು 27, ಬರಬಹುದಾದ ಜೋಡಣೆಗಳು 6. 27ನ್ನು 6 ಭಾಗಕ್ಕೆ ಸಮನಾಗಿ ಹಂಚಲಾಗದು. ಮೂರು ಜೋಡಣೆ ಐದೈದು ಸಲ, ಉಳಿದ ಮೂರು ನಾಲ್ಕು ನಾಲ್ಕು ಸಲ ಬರುತ್ತವೆ. ಕಲೆಸಿದ ಎಲೆಯನ್ನು ಮತ್ತೆ ಮುಟ್ಟದೆ, ಉಳಿದವುಗಳಲ್ಲೇ ಆರಿಸುತ್ತಾ ಹೋಗುವುದು ಸರಿಯಾದ ಕ್ರಮ, ಅದಕ್ಕೆ ಫಿಶರ್-ಯೇಟ್ಸ್ ಎನ್ನುತ್ತಾರೆ. ಜಿಎಲ್‌ಐ, ಐಟೆಕ್ ಲ್ಯಾಬ್ಸ್‌ನಂಥ ಪ್ರಯೋಗಾಲಯಗಳು ಇದನ್ನೆಲ್ಲ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತವೆ. ಆ್ಯಪಿನಲ್ಲಿ ಅಂಟಿಸಿದ ಅವರ ಲೋಗೋಗೆ ಬೆಲೆ ಕೊಡಬೇಡಿ, ಪ್ರಯೋಗಾಲಯದ ಸ್ವಂತ ವೆಬ್‌ಸೈಟಿನಲ್ಲಿ ಆ ಕಂಪನಿಯ ಹೆಸರಿದೆಯೇ ನೋಡಿ. ಇದ್ದರೂ ಅದು ಎಲೆ ಕಲೆಸುವುದರ ಪ್ರಮಾಣಪತ್ರ. ಒಳಗಿನವನು ಎಲೆ ನೋಡುತ್ತಿಲ್ಲ ಎಂಬುದಕ್ಕೆ ಅದು ಸಾಕ್ಷಿ ಆಗದು.

ಒಳ್ಳೆಯ ವಿನ್ಯಾಸದಲ್ಲಿ ಎದುರಾಳಿಯ ಎಲೆ, ಕೊನೆಗೆ ಎಲೆ ತೆರೆದು ತೋರಿಸುವ ಶೋಡೌನ್ ಆಗುವವರೆಗೆ, ನಿಮ್ಮ ಫೋನಿಗೆ ಬರುವುದೇ ಇಲ್ಲ. ಕೆಟ್ಟ ವಿನ್ಯಾಸದಲ್ಲಿ ಎಲ್ಲರ ಎಲೆಯೂ ಬಂದು, ತೆರೆಯ ಮೇಲೆ ಮಾತ್ರ ಬೆನ್ನು ತೋರಿಸಿರುತ್ತದೆ. ಎಲೆಯೇ ಬರಬೇಕೆಂದಿಲ್ಲ, ಎಲೆಯಿಂದ ಹುಟ್ಟಿದ ಸಣ್ಣ ಲೆಕ್ಕ ಬಂದರೂ ಸಾಕು. 2023ರ ಕೊನೆಯಲ್ಲಿ ಜಿಜಿಪೋಕರಿನಲ್ಲಿ ಮನಿಟೇಕರ್69 ಎಂಬ ಖಾತೆ ಹೀಗೆ ಸಿಕ್ಕಿಬಿತ್ತು. ಮೇಜಿನಲ್ಲಿ ಹೆಬ್ಬೆರಳು ಮೇಲೆ-ಕೆಳಗೆ ತೋರಿಸುವ ಒಂದು ಅಲಂಕಾರದ ಸೌಲಭ್ಯ ಇತ್ತು. ಆ ದಾರಿಯಲ್ಲಿ ಫೋನಿನ ಕಡೆಗೆ ಸೋರುತ್ತಿದ್ದ ಮಾಹಿತಿಯಿಂದ, ತಿದ್ದಿದ ಆ್ಯಪ್ ಬಳಸಿದ ಅವನು ತನ್ನ ಗೆಲುವಿನ ಸಾಧ್ಯತೆ ಊಹಿಸುತ್ತಿದ್ದ. ಕಂಪನಿ 29,795 ಡಾಲರ್ ಮುಟ್ಟುಗೋಲು ಹಾಕಿ, ತೂತು ಮುಚ್ಚಿ, ಖಾತೆ ಬಂದ್ ಮಾಡಿತು. ದೊಡ್ಡ ತಂಡ ಇರುವ ಕಂಪನಿಗೇ ಹೀಗಾದರೆ, ಮೂಲ ಗೊತ್ತಿಲ್ಲದ ಎಪಿಕೆಯ ವಿನ್ಯಾಸದ ಮೇಲೆ ಭರವಸೆ ಇಡಲು ಯಾವ ಆಧಾರವೂ ನನಗೆ ಕಾಣುತ್ತಿಲ್ಲ.

ಇನ್ನೊಂದು ತುದಿ ನಿಮ್ಮ ಫೋನ್. 2015ರ ಸೆಪ್ಟೆಂಬರಿನಲ್ಲಿ ಈಸೆಟ್ ಎಂಬ ಕಂಪ್ಯೂಟರ್ ಭದ್ರತೆಯ ಕಂಪನಿಯವರು ಓಡ್ಲಾನರ್ ಎಂಬ ಕಳ್ಳ ತಂತ್ರಾಂಶವನ್ನು ಪತ್ತೆ ಮಾಡಿದರು. ಪೋಕರ್ ಲೆಕ್ಕಾಚಾರದ ಸಾಧನಗಳಂಥ ತಂತ್ರಾಂಶದ ಜೊತೆ ಸೇರಿ ವಿಂಡೋಸ್ ಕಂಪ್ಯೂಟರಿಗೆ ಬರುತ್ತಿತ್ತು. ಪೋಕರ್‌ಸ್ಟಾರ್ಸ್ ಅಥವಾ ಫುಲ್ ಟಿಲ್ಟ್ ಎಂಬ ಪೋಕರ್ ಸೈಟಿನ ಕಿಟಕಿ ತೆರೆದರೆ ಅದರ ಚಿತ್ರ ತೆಗೆದು ಕಳಿಸುತ್ತಿತ್ತು, ಆಟಗಾರನ ಗುರುತಿನ ಸಮೇತ. ಆಮೇಲೆ ಕಳ್ಳ ಅದೇ ಮೇಜಿಗೆ ಬಂದು ಕೂರುತ್ತಿದ್ದ. ಅದಕ್ಕೂ ಮೊದಲು, 2013ರಲ್ಲಿ, ಫಿನ್ಲೆಂಡಿನ ವೃತ್ತಿ ಆಟಗಾರ ಯೆನ್ಸ್ ಕ್ಯುಲ್ಲೊನೆನ್ ಬಾರ್ಸಿಲೋನಾದ ಹೋಟೆಲ್ ಕೋಣೆಯಲ್ಲಿ ಬಿಟ್ಟಿದ್ದ ಲ್ಯಾಪ್‌ಟಾಪ್ ಮಾಯವಾಗಿ ಮತ್ತೆ ಅಲ್ಲೇ ಪ್ರತ್ಯಕ್ಷವಾಗಿತ್ತು. ಎಫ್-ಸೆಕ್ಯೂರ್ ಎಂಬ ಭದ್ರತಾ ಕಂಪನಿ ಪರೀಕ್ಷಿಸಿದಾಗ ದೂರದಿಂದ ತೆರೆ ನೋಡುವ ಜಾವಾ ತಂತ್ರಾಂಶ ಒಳಗಿತ್ತು. ಎರಡರಲ್ಲೂ ಟಿಎಲ್‌ಎಸ್ ಬೀಗ ಗಟ್ಟಿಯಾಗೇ ಇದ್ದಿರಬಹುದು, ಅದರಿಂದ ಉಪಯೋಗವಿಲ್ಲ. ಎಲೆ ಕದ್ದದ್ದು ತೆರೆಯಿಂದ.

ಆ್ಯಂಡ್ರಾಯ್ಡಿನಲ್ಲಿ ಇದೇ ಕೆಲಸಕ್ಕೆ ದೊಡ್ಡ ಬಾಗಿಲು ಆ್ಯಕ್ಸೆಸಿಬಿಲಿಟಿ ಸೇವೆ. ಕಣ್ಣು ಕಾಣದವರಿಗೆ ತೆರೆ ಓದಿ ಹೇಳಲೆಂದು ಮಾಡಿದ ಅನುಮತಿ ಅದು. ಅದು ಸಿಕ್ಕ ಆ್ಯಪ್ ತೆರೆಯ ಮೇಲಿನ ಎಲ್ಲ ಓದಬಲ್ಲದು, ನಿಮ್ಮ ಪರವಾಗಿ ಬಟನ್ ಒತ್ತಬಲ್ಲದು. 2022ರ ಆ್ಯಂಡ್ರಾಯ್ಡ್ 13ರಿಂದ ಹೊರಗಿನಿಂದ ಹಾಕಿದ ಎಪಿಕೆಗೆ ಈ ಅನುಮತಿ ಸಲೀಸಾಗಿ ಸಿಗುವುದಿಲ್ಲ. ಸೆಟ್ಟಿಂಗಿನಲ್ಲಿ ಆ್ಯಪಿನ ಪುಟಕ್ಕೆ ಹೋಗಿ, ಮೂಲೆಯ ಮೂರು ಚುಕ್ಕೆ ಒತ್ತಿ, ನಿರ್ಬಂಧಿತ ಸೆಟ್ಟಿಂಗ್‌ಗಳಿಗೆ ಅನುಮತಿ ಕೊಡಬೇಕು. ಏಜೆಂಟು ನಿಮಗೆ ಆ ಮೂರು ಚುಕ್ಕೆ ಒತ್ತಲು ವಿಡಿಯೋ ಕಳಿಸಿದ್ದನೇ? ನೆನಪು ಮಾಡಿಕೊಳ್ಳಿ. ಇಸ್ಪೀಟ್ ಆಡಲು ಆ ಅನುಮತಿ ಬೇಕೇ ಬೇಡ. ಎಸ್‌ಎಂಎಸ್ ಓದುವುದು, ನೋಟಿಫಿಕೇಷನ್ ಓದುವುದು, ಬೇರೆ ಆ್ಯಪುಗಳ ಮೇಲೆ ಕಾಣಿಸಿಕೊಳ್ಳುವುದು, ಡಿವೈಸ್ ಅಡ್ಮಿನ್, ಇವೂ ಬೇಡ. ಎಸ್‌ಎಂಎಸ್ ಓದುವವನಿಗೆ ನಿಮ್ಮ ಒಟಿಪಿ ಸಿಗುತ್ತದೆ. "ಸಹಾಯಕ್ಕೆ" ಎನಿಡೆಸ್ಕ್‌ನಂಥ ತೆರೆ ಹಂಚುವ ಆ್ಯಪ್ ಹಾಕಿಸಿದ್ದರೆ ಎಲೆಯೊಂದೇ ಅಲ್ಲ, ಯುಪಿಐ ತೆರೆದದ್ದೂ ಅವನಿಗೆ ಕಂಡಿರಬಹುದು. ಫೋನಿನ ಭದ್ರತಾ ಸೆಟ್ಟಿಂಗಿನಲ್ಲಿ ವಿಶ್ವಾಸಾರ್ಹ ಸರ್ಟಿಫಿಕೇಟುಗಳ ಪಟ್ಟಿಯ ಬಳಕೆದಾರ ವಿಭಾಗವನ್ನೂ ತೆರೆದು ನೋಡಿ. ನೀವೇ ಹಾಕಿದ್ದೇನೂ ಇಲ್ಲದಿದ್ದರೆ ಅದು ಖಾಲಿ ಇರಬೇಕು.

ಯಾವ ತಂತ್ರಜ್ಞಾನವೂ ಬೇಡದ ಕಳ್ಳತನ ಇನ್ನೊಂದಿದೆ, ಮತ್ತು ಖಾಸಗಿ ಕ್ಲಬ್ಬುಗಳಲ್ಲಿ ಅದಕ್ಕೆ ತಡೆಯೇ ಇರುವುದಿಲ್ಲ. ಒಂದೇ ಮೇಜಿನ ಮೂವರು ವಾಟ್ಸ್‌ಆ್ಯಪ್ ಕಾಲಿನಲ್ಲಿ ಕೂತು ಎಲೆ ಹೇಳಿಕೊಳ್ಳುವುದು. ಫ್ಲಾಪ್ ಆದಾಗ, ಅಂದರೆ ಮೇಜಿನ ಮೊದಲ ಮೂರು ಎಲೆ ತೆರೆದಾಗ, ನಿಮಗೆ ಒಂದೇ ಬಣ್ಣದ (ಎಲ್ಲವೂ ಬದಾಮ್ ಅನ್ನಿ) ನಾಲ್ಕು ಎಲೆ ಸೇರಿವೆ, ಇನ್ನೊಂದು ಬೇಕು ಅನ್ನಿ. ಕಾಣದ ಎಲೆ 47, ಬೇಕಾದವು 9, ಸಾಧ್ಯತೆ ಶೇ. 19. ನಿಮಗೆ ಇಬ್ಬರು ಜೊತೆಗಾರರಿದ್ದು ಅವರ ನಾಲ್ಕು ಎಲೆಯಲ್ಲಿ ಆ ಬಣ್ಣದವು ಮೂರು ಎಂದು ಗೊತ್ತಾದರೆ 43ರಲ್ಲಿ 6, ಅಂದರೆ ಶೇ. 14ಕ್ಕೆ ಇಳಿಯಿತು, ಬಾಜಿ ಬಿಡುತ್ತೀರಿ. ಒಂದೂ ಇಲ್ಲ ಎಂದು ಗೊತ್ತಾದರೆ 43ರಲ್ಲಿ 9, ಶೇ. 21, ಮುಂದುವರಿಯುತ್ತೀರಿ. ಪ್ರತಿ ಕೈಯಲ್ಲೂ ಈ ಸಣ್ಣ ಅಂತರ ಸೇರುತ್ತಾ ಹೋಗಿ ತಿಂಗಳಿಗೆ ನಿಮ್ಮ ₹9,000 ಆಗುತ್ತದೆ. ಅದರ ಮೇಲೆ ಇಬ್ಬರೂ ಏರಿಸುತ್ತಾ ಮಧ್ಯದ ನಿಮ್ಮನ್ನು ಹಿಂಡುವುದು ಬೇರೆ. ಯಾವಾಗಲೂ ಒಟ್ಟಿಗೆ ಬಂದು ಒಟ್ಟಿಗೆ ಏಳುವ, ಒಬ್ಬರಿಗೊಬ್ಬರು ಶೋಡೌನಿಗೆ ಹೋಗದ ಹೆಸರುಗಳನ್ನು ಗಮನಿಸಿ.

ಈಗ ಖಾತೆಯ ಮಾತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಚಾತುರ್ಯವೋ ಅದೃಷ್ಟವೋ ಎಂದು ನೋಡದೆ ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ₹1 ಕೋಟಿವರೆಗೆ ದಂಡ. ಹಣ ಸಾಗಿಸುವವರಿಗೂ ಅಷ್ಟೇ. ಪ್ರಚಾರ ಮಾಡುವವರಿಗೆ ಎರಡು ವರ್ಷ, ₹50 ಲಕ್ಷ. ಆ ಕಾಯ್ದೆ ಆಡುವವರಿಗೆ ಶಿಕ್ಷೆ ಇಟ್ಟಿಲ್ಲ, ಹಾಗಾಗಿ ದೂರು ಕೊಡಲು ಅಂಜಬೇಡಿ. ಆದರೆ ಕಮಿಷನ್ನಿಗಾಗಿ ದೋಸ್ತರನ್ನು ಸೇರಿಸಿದ್ದರೆ ಅಥವಾ ನಿಮ್ಮ ಖಾತೆ, ಸಿಮ್, ಎಟಿಎಂ ಕಾರ್ಡ್ ಏಜೆಂಟಿಗೆ ಕೊಟ್ಟಿದ್ದರೆ ವಿಷಯ ಬೇರೆ, ಮೊದಲು ವಕೀಲರನ್ನು ಕಾಣಿ.

ಇಂಥ ಕ್ಲಬ್ಬಿನ ಹಣ ಓಡಾಡುವುದು ಬಾಡಿಗೆ ಖಾತೆಗಳಲ್ಲಿ. ನಿಮಗೆ "ಗೆದ್ದದ್ದು" ಎಂದು ಬಂದ ₹2,000, ಬೇರೆ ರಾಜ್ಯದ ಯಾರೋ ಮೋಸಹೋದವರದ್ದಾಗಿರಬಹುದು. ಅವರು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಪೊಲೀಸರು ಹಣದ ಜಾಡು ಹಿಡಿದು ನಿಮ್ಮ ಖಾತೆಯವರೆಗೆ ಬರುತ್ತಾರೆ, ಖಾತೆ ತಡೆಹಿಡಿಯಲಾಗುತ್ತದೆ. ಸ್ಕಾಲರ್‌ಶಿಪ್ಪೂ ಮನೆಯಿಂದ ಬರುವ ಖರ್ಚಿನ ಹಣವೂ ಅದೇ ಖಾತೆಯಲ್ಲಿದ್ದರೆ ಊಟಕ್ಕೆ ತತ್ವಾರ. ಹಾಗಾದರೆ ಬ್ಯಾಂಕಿನಲ್ಲಿ ಬಾಯಿಮಾತಿಗೆ ಒಪ್ಪಬೇಡಿ. ದೂರಿನ ಸಂಖ್ಯೆ, ಯಾವ ಠಾಣೆ, ಎಷ್ಟು ಮೊತ್ತ ಎಂದು ಬರಹದಲ್ಲಿ ಕೇಳಿ, ಇಡೀ ಖಾತೆಯ ಬದಲು ವಿವಾದದ ಮೊತ್ತಕ್ಕಷ್ಟೇ ತಡೆ ಇಡಲು ಆ ತನಿಖಾಧಿಕಾರಿಗೆ ಅರ್ಜಿ ಬರೆಯಿರಿ.

ಇಂದು ಮಾಡುವ ಕೆಲಸ ಈ ಕ್ರಮದಲ್ಲಿ ಮಾಡಿ, ಕ್ರಮ ತಪ್ಪಿದರೆ ಸಾಕ್ಷಿ ಹೋಗುತ್ತದೆ. ಮೊದಲು ಟೆಲಿಗ್ರಾಂ ಮಾತುಕತೆ, ಏಜೆಂಟಿನ ಹೆಸರು-ನಂಬರು, ಕ್ಲಬ್ಬಿನ ಐಡಿ, ಚಿಪ್ಸ್ ಲೆಕ್ಕ ಎಲ್ಲದರ ಸ್ಕ್ರೀನ್‌ಶಾಟ್. ಪ್ರತಿ ಯುಪಿಐ ಪಾವತಿಯ 12 ಅಂಕಿಯ ಯುಟಿಆರ್ ನಂಬರು, ದಿನಾಂಕ, ಯಾರ ಖಾತೆಗೆ ಹೋಯಿತು ಎಂದು ಹಾಳೆಯಲ್ಲಿ ಬರೆಯಿರಿ. ಇವೆಲ್ಲ ಬೇರೆ ಫೋನಿಗೆ ಹೋದ ಮೇಲೆ ನಿಮ್ಮ ಫೋನಿನ ಡೇಟಾ, ವೈ-ಫೈ ಆಫ್ ಮಾಡಿ, ಮನೆಯವರ ಫೋನಿನಿಂದ ಜಿಮೇಲ್ ಮತ್ತು ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಬದಲಿಸಿ. ಆಮೇಲೆ ಎಪಿಕೆ ತೆಗೆಯಿರಿ. ತೆಗೆಯುವ ಬಟನ್ ಒತ್ತಲು ಬರದಿದ್ದರೆ ಡಿವೈಸ್ ಅಡ್ಮಿನ್ ಪಟ್ಟಿಯಲ್ಲಿ ಅದರ ಟಿಕ್ ತೆಗೆಯಿರಿ, ಅದೂ ಆಗದಿದ್ದರೆ ಸೇಫ್ ಮೋಡಿನಲ್ಲಿ. ಆ್ಯಕ್ಸೆಸಿಬಿಲಿಟಿ ಅಥವಾ ಎಸ್‌ಎಂಎಸ್ ಅನುಮತಿ ಒಂದು ದಿನ ಕೊಟ್ಟಿದ್ದರೂ ಬರೀ ತೆಗೆದರೆ ಸಾಲದು, ಫ್ಯಾಕ್ಟರಿ ರಿಸೆಟ್ ಮಾಡಿ. ಫೋನ್ ಶುದ್ಧವಾದ ಮೇಲೆಯೇ ಹೊಸ ಯುಪಿಐ ಪಿನ್. ಸೋಂಕಿರುವ ಫೋನಿನಲ್ಲಿ ಪಿನ್ ಬದಲಿಸಿದರೆ ಹೊಸದನ್ನೂ ಕಳ್ಳನಿಗೆ ಕೊಟ್ಟಂತೆ. ಟೆಲಿಗ್ರಾಂ, ವಾಟ್ಸ್‌ಆ್ಯಪಿನ ಜೋಡಿಸಿದ ಸಾಧನಗಳ ಪಟ್ಟಿಯಲ್ಲಿ ಅಪರಿಚಿತವಾದದ್ದು ಇದ್ದರೆ ಹೊರಹಾಕಿ. ಕ್ಲಬ್ಬಿಗೆ ಪ್ಯಾನ್, ಆಧಾರ್ ಫೋಟೋ ಕೊಟ್ಟಿದ್ದರೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ, ಸಂಚಾರ್ ಸಾಥಿ ಪೋರ್ಟಲಿನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ನೋಡಿ, ಮೂರು ನಾಲ್ಕು ತಿಂಗಳಿಗೊಮ್ಮೆ ಕ್ರೆಡಿಟ್ ವರದಿಯಲ್ಲಿ ನೀವು ತೆಗೆಯದ ಸಾಲ ಬಂದಿದೆಯೇ ಗಮನಿಸಿ.

ಖಾತೆಯಿಂದ ನೀವು ಮಾಡದ ಪಾವತಿ ಹೋಗಿದ್ದರೆ ಒಂದು ಗಳಿಗೆಯೂ ತಡಮಾಡದೆ 1930, ಆಮೇಲೆ ಬ್ಯಾಂಕು. ನೀವೇ ಏಜೆಂಟಿಗೆ ಕಳಿಸಿದ ₹18,000ದ ಬಗ್ಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಹಾಕಿ, ಅದರ ಪ್ರತಿ ಮತ್ತು ಆ ಹಾಳೆ ಹಿಡಿದು, ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ನೋಡುವ ಕಲಬುರಗಿಯ ಸಿಇಎನ್ ಠಾಣೆಗೆ ಹೋಗಿ. ಬೀದರಿನಲ್ಲೂ ಯಾದಗಿರಿಯಲ್ಲೂ ಸಿಇಎನ್ ಠಾಣೆ ಇದೆ, ನಿಮ್ಮ ದೋಸ್ತ ಅಲ್ಲೇ ಕೊಡಬಹುದು. ಅವನ ಫೋನಿನಲ್ಲೂ ಅದೇ ಎಪಿಕೆ ಇದೆ, ಈ ಉತ್ತರವನ್ನು ಇವತ್ತೇ ಅವನಿಗೆ ಕಳಿಸಿ. ಆಟ ಬಿಡುತ್ತೇನೆ ಎಂದ ಕೂಡಲೇ ಏಜೆಂಟು "ನಿಮ್ಮ ಚಿಪ್ಸ್ ವಾಪಸ್ ಕೊಡ್ತೀನಿ, ಮೊದಲು ವಿತ್‌ಡ್ರಾ ಚಾರ್ಜ್ ₹1,500 ಹಾಕಿ" ಎನ್ನಬಹುದು. ಹಾಕಬೇಡಿ. ಆ ಸಂದೇಶದ ಸ್ಕ್ರೀನ್‌ಶಾಟನ್ನೂ ದೂರಿಗೆ ಸೇರಿಸಿ.